ಯಾಕೆ ಅಂತ ಕೇಳದೆ ಬಿಟ್ಟಿದ್ದು: ಒಂದು ಪುಟದ ಬೋಧನಾ ತತ್ವ ಮೂರು ಸಲ ಬದಲಾದ ಪ್ರಕರಣ

ಒಂಬತ್ತು ವರ್ಷ ಗಣಿತ ಪಾಠ ಮಾಡಿದ ಮೇಲೆ ಬೇರೊಂದು ಶಾಲೆಯ ಕೆಲಸಕ್ಕೆ ಅರ್ಜಿ ಹಾಕಿದೆ. ಅರ್ಜಿಯ ಜೊತೆ 'ನಿಮ್ಮ ಬೋಧನಾ ತತ್ವ' ಅಂತ ಒಂದು ಪುಟ ಬರೆದುಕೊಡಬೇಕಿತ್ತು. ಒಂದು ಸಂಜೆ ಕೂತು ಬರೆದೆ. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಅಷ್ಟು ಬೇಗ ಮುಗಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಅದರಲ್ಲಿ ಏನಿತ್ತು ಅಂದರೆ, ಪ್ರತಿ ಮಗುವೂ ವಿಶಿಷ್ಟ. ನನ್ನ ತರಗತಿ ಮಕ್ಕಳ ಕೇಂದ್ರಿತ. ತಪ್ಪುಗಳು ಕಲಿಕೆಯ ಮೆಟ್ಟಿಲುಗಳು. ಪ್ರತಿ ಮಗುವಿನ ಕಲಿಕಾ ಶೈಲಿಗೆ ತಕ್ಕಂತೆ ನಾನು ಪಾಠ ಹೊಂದಿಸುತ್ತೇನೆ. ಶಿಕ್ಷಕಿ ದಾರಿ ತೋರುವವಳು, ಮಾಹಿತಿ ತುಂಬುವವಳಲ್ಲ. ಹೀಗೇ ಕೊನೆಯವರೆಗೆ. ಒಂದೂ ಸುಳ್ಳು ಅಂತ ಬರೆಯುವಾಗ ಅನ್ನಿಸಲಿಲ್ಲ. ಈಗ ಓದಿದರೆ ಮದುವೆ ಆಮಂತ್ರಣದ ಒಕ್ಕಣೆ ಥರ ಕಾಣುತ್ತದೆ, ಹೆಸರು ಬದಲಾಯಿಸಿದರೆ ಯಾರಿಗೆ ಬೇಕಾದರೂ ಆಗುತ್ತದೆ.

ಸಂದರ್ಶನಕ್ಕೆ ಕರೆದರು. ಮೂವರು ಕೂತಿದ್ದರು. ಅವರಲ್ಲಿ ವಯಸ್ಸಾದ ಒಬ್ಬರು ನನ್ನ ಪುಟದ ಮೇಲೆ ಬೆರಳಿಟ್ಟು ಕೇಳಿದರು: "ಮೇಡಂ, ತಪ್ಪುಗಳು ಮೆಟ್ಟಿಲು ಅಂದಿದ್ದೀರಿ. ಕಳೆದ ವಾರ ನಿಮ್ಮ ಕ್ಲಾಸಿನಲ್ಲಿ ಒಂದು ಮಗು ಮಾಡಿದ ತಪ್ಪು ಒಂದನ್ನು ಹೇಳಿ. ಯಾವ ಲೆಕ್ಕ, ಏನು ಬರೆದಿತ್ತು, ಆಮೇಲೆ ನೀವು ಏನು ಮಾಡಿದಿರಿ?"

ನನಗೆ ಒಂದೂ ನೆನಪಾಗಲಿಲ್ಲ. 'ಕೂಡುವಾಗ ದಶಕ ಮರೀತಾರೆ' ಅಂತ ಏನೋ ಸಾಮಾನ್ಯದ ಮಾತು ಹೇಳಿದೆ. ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ಕೆಲಸ ಸಿಗಲಿಲ್ಲ. ಅದಕ್ಕೆ ಈ ಪ್ರಶ್ನೆಯೇ ಕಾರಣವೋ ಇಲ್ಲವೋ, ಯಾರೂ ಹೇಳಲಿಲ್ಲ. ಆದರೆ ವಾಪಸ್ ಬರುವಾಗ ದಾರಿಯುದ್ದಕ್ಕೂ ನನ್ನನ್ನು ಕೊರೆದದ್ದು ಕೆಲಸ ಅಲ್ಲ, ಆ ಪ್ರಶ್ನೆ. ದಿನಕ್ಕೆ ಐದು ಪೀರಿಯಡ್ ಪಾಠ ಮಾಡುತ್ತೇನೆ. ತಪ್ಪು ಉತ್ತರಗಳು ಮಳೆಯ ಹಾಗೆ ಬೀಳುತ್ತಿರುತ್ತವೆ. ಒಂದೂ ನನ್ನ ತಲೆಯಲ್ಲಿ ಯಾಕೆ ಉಳಿದಿಲ್ಲ?

ಫೋನ್ ಹೇಳಿದ್ದು

ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ಮಕ್ಕಳಿಗೂ ಹೇಳಿ, ಆರನೇ ತರಗತಿಯ ಒಂದು ಪೀರಿಯಡ್ಡನ್ನು ನನ್ನ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಬರೀ ಧ್ವನಿ, ವಿಡಿಯೋ ಅಲ್ಲ. ನಾನು ಕೇಳಿ ಮುಗಿಸಿದ ಮೇಲೆ ಅಳಿಸುತ್ತೇನೆ ಅಂತ ಮಾತು ಕೊಟ್ಟಿದ್ದೆ, ಅಳಿಸಿದೆ ಕೂಡ. 38 ಮಕ್ಕಳು, 40 ನಿಮಿಷ, ದಶಮಾಂಶ ಸಂಖ್ಯೆಗಳನ್ನು ಹೋಲಿಸುವ ಪಾಠ.

ಸ್ವಂತ ದನಿ ಕೇಳುವುದು ಹಿಂಸೆ. ಮೊದಲ ಹತ್ತು ನಿಮಿಷ ನನಗೆ ಕೇಳಿಸಿದ್ದು ನನ್ನ ದನಿಯ ಕೀರಲು ಮಾತ್ರ. ಎರಡನೇ ಸಲ ಕೇಳಿದಾಗ ಪಾಠ ಕೇಳಿಸಿತು. ಮೂರನೇ ಸಲ ಒಂದು ಹಾಳೆ ಇಟ್ಟುಕೊಂಡು, ನನ್ನ ಪ್ರಶ್ನೆ ಮುಗಿದ ಮೇಲೆ ಎಷ್ಟು ಹೊತ್ತು ಸುಮ್ಮನಿದ್ದೆ ಅಂತ ಗಡಿಯಾರ ನೋಡಿ ಗುರುತು ಹಾಕಿದೆ. ಹೆಚ್ಚಿನ ಕಡೆ ಒಂದು ಸೆಕೆಂಡೂ ಇರಲಿಲ್ಲ. ಪ್ರಶ್ನೆ ಕೇಳುತ್ತೇನೆ, ಮುಂದಿನ ಬೆಂಚಿನ ಯಾರೋ ಹೇಳುತ್ತಾರೆ. ಹೇಳದಿದ್ದರೆ ನಾನೇ ಹೇಳಿಬಿಡುತ್ತೇನೆ. ಇಡೀ ಪೀರಿಯಡ್ಡಿನಲ್ಲಿ ಕೇಳಿಸಿದ್ದು ಹೆಚ್ಚೂಕಮ್ಮಿ ಅದೇ ನಾಲ್ಕು ಮಕ್ಕಳ ದನಿ.

ಇದು ನನ್ನೊಬ್ಬಳ ರೋಗ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿ ಇದನ್ನೇ ಅಳೆದಿದ್ದರು. ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದವರೂ ಬಾಯಿ ಬಿಟ್ಟರು. ಸಮಾಧಾನ ಆಯ್ತಾ? ಸ್ವಲ್ಪ ಆಯ್ತು, ಸುಳ್ಳು ಹೇಳಲ್ಲ.

ಆದರೆ ನಿಜವಾಗಿ ಹೊಡೆತ ಕೊಟ್ಟದ್ದು ಇಪ್ಪತ್ತೊಂದನೇ ನಿಮಿಷ. ಬೋರ್ಡಿನ ಮೇಲೆ 0.4 ಮತ್ತು 0.35 ಬರೆದು ಯಾವುದು ದೊಡ್ಡದು ಅಂತ ಕೇಳಿದ್ದೆ. ಗೋಡೆ ಬದಿ ಕೂರುವ ಹುಡುಗಿ "ಪಾಯಿಂಟ್ ಮೂವತ್ತೈದು ಮಿಸ್" ಅಂದಳು. ನಾನು "ಅಲ್ಲ, ಕೂತ್ಕೋ. ಬೇರೆ ಯಾರು?" ಅಂದೆ. ಅವಳು ಕೂರುತ್ತಾ "ಯಾಕಂದ್ರೆ ಮಿಸ್..." ಅಂತ ಶುರು ಮಾಡಿದ್ದು ಫೋನಿನಲ್ಲಿ ಸ್ಪಷ್ಟವಾಗಿ ಇದೆ. ಅದರ ಮೇಲೆ ನನ್ನದೇ ದನಿ ಬಿದ್ದಿದೆ. ಎರಡನೇ ಬೆಂಚಿನ ಹುಡುಗ "0.4" ಅಂದ. "ವೆರಿ ಗುಡ್" ಅಂದೆ. ಮುಂದಿನ ಲೆಕ್ಕ.

ತಪ್ಪುಗಳು ಮೆಟ್ಟಿಲು ಅಂತ ಬರೆದವಳೇ ಆ ಮೆಟ್ಟಿಲಿನ ಮೇಲೆ ನಿಂತ ಹುಡುಗಿಯನ್ನು ಕೂರಿಸಿದ್ದೆ.

ಕ್ರಿಸ್ ಆರ್ಗಿರಿಸ್ ಮತ್ತು ಡೊನಾಲ್ಡ್ ಶಾನ್ ಎಂಬ ಇಬ್ಬರು ಸಂಶೋಧಕರು 1974ರಲ್ಲಿ ಒಂದು ವ್ಯತ್ಯಾಸ ತೋರಿಸಿಕೊಟ್ಟರು. ಪ್ರತಿ ವೃತ್ತಿಯವರಲ್ಲೂ ಎರಡು ಸಿದ್ಧಾಂತ ಇರುತ್ತವೆ: ಯಾರಾದರೂ ಕೇಳಿದರೆ ಹೇಳುವುದು ಒಂದು, ಕೆಲಸ ಮಾಡುವಾಗ ಕೈ ನಡೆಸುವುದು ಇನ್ನೊಂದು. ಎರಡೂ ಬೇರೆ ಅಂತ ಆ ಮನುಷ್ಯನಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಸಂಜೆ ಕೂತು ನಾನು ಬರೆದದ್ದು ಮೊದಲನೆಯದು. ಫೋನಿನಲ್ಲಿ ಇದ್ದದ್ದು ಎರಡನೆಯದು. ಹಾಗಾಗಿ ಫೋನಿನಲ್ಲಿ ಇರುವ ತತ್ವವನ್ನೇ ಮೊದಲು ಪ್ರಾಮಾಣಿಕವಾಗಿ ಬರೆದುನೋಡೋಣ ಅಂತ ಕೂತೆ. ಬಂದದ್ದು ಇಷ್ಟು: 'ಪಾಠ ಮುಂದೆ ಹೋಗುತ್ತಿರಬೇಕು. ಸರಿ ಉತ್ತರ ಸಿಕ್ಕರೆ ಕ್ಲಾಸಿಗೆ ಅರ್ಥವಾಗಿದೆ ಎಂದರ್ಥ. ತಪ್ಪು ಉತ್ತರ ಅಂದರೆ ಆ ಮಗು ಕೇಳಿಸಿಕೊಂಡಿಲ್ಲ ಎಂದರ್ಥ.' ಮೂರೇ ಸಾಲು. ಒಪ್ಪಲು ಕಷ್ಟವಾಯಿತು, ಆದರೆ ಇದು ನನ್ನದು ಅಂತ ಗುರುತು ಸಿಕ್ಕಿತು.

ಇದು ಎಲ್ಲಿಂದ ಬಂತು? ಯಾವ ತರಬೇತಿಯಲ್ಲೂ ಯಾರೂ ಹೀಗೆ ಹೇಳಿಕೊಟ್ಟಿಲ್ಲ. ಕಣ್ಣು ಮುಚ್ಚಿದರೆ ನನ್ನ ಹೈಸ್ಕೂಲಿನ ಗಣಿತದ ಮೇಷ್ಟ್ರು ಕಾಣುತ್ತಾರೆ. ಸೀಮೆಸುಣ್ಣ ಹಿಡಿದ ಕೈಯನ್ನೇ ಚಾಚಿ "ನೆಕ್ಸ್ಟ್, ನೆಕ್ಸ್ಟ್" ಅಂತ ಸಾಲಾಗಿ ಎಬ್ಬಿಸುತ್ತಿದ್ದರು. ನನ್ನ ಕೈಯೂ ಹಾಗೇ ಚಾಚುತ್ತದೆ. ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಬರೆದ ಹಾಗೆ, ಶಾಲೆ ಮುಗಿಸುವ ಹೊತ್ತಿಗೆ ಒಬ್ಬ ವಿದ್ಯಾರ್ಥಿ ಸುಮಾರು 13,000 ಗಂಟೆ ಶಿಕ್ಷಕರನ್ನು ನೋಡುತ್ತಾ ಕಳೆದಿರುತ್ತಾನೆ. ಶಿಕ್ಷಕರಾಗುವವರಿಗೆ ಅದೇ ದೊಡ್ಡ ತರಬೇತಿ. ಆದರೆ ಬೆಂಚಿನಿಂದ ಕಾಣುವುದು ಶಿಕ್ಷಕರ ಕೈ, ಬಾಯಿ. ಅವರ ತಲೆಯೊಳಗೆ ಓಡುತ್ತಿದ್ದದ್ದು ಕಾಣುವುದಿಲ್ಲ. ಆ ಮೇಷ್ಟ್ರು "ನೆಕ್ಸ್ಟ್" ಅಂದ ಮೇಲೆ ಸಂಜೆ ಆ ತಪ್ಪುಗಳನ್ನು ಕುಳಿತು ನೋಡುತ್ತಿದ್ದರೋ ಏನೋ, ನನಗೆ ಹೇಗೆ ಗೊತ್ತಾಗಬೇಕು?

ಎರಡು ಜೋಡಿ ಸಂಖ್ಯೆ

ಮರುದಿನ ಊಟದ ಬಿಡುವಿನಲ್ಲಿ ಆ ಹುಡುಗಿಯನ್ನು ಕರೆದು ಕೇಳಿದೆ. ನಿನ್ನೆ ಏನೋ ಹೇಳ್ತಾ ಇದ್ದೆ, ಯಾಕಂದ್ರೆ ಅಂತ. ಏನದು? ಅವಳು ಹೆದರಿದಳು. ಬೈಯಲು ಕರೆದಿದ್ದೇನೆ ಅಂದುಕೊಂಡಿರಬೇಕು. ಆಮೇಲೆ ಮೆಲ್ಲಗೆ ಹೇಳಿದಳು: "ಮೂವತ್ತೈದು ನಾಲ್ಕಕ್ಕಿಂತ ದೊಡ್ಡದಲ್ವಾ ಮಿಸ್?"

ಸರಿಯಾಗೇ ಇದೆ. ಬಿಂದುವಿನ ಬಲಗಡೆ ಇರುವುದನ್ನು ಅವಳು ಪೂರ್ಣ ಸಂಖ್ಯೆ ಅಂತ ಓದುತ್ತಿದ್ದಾಳೆ. ಹಾಗೆ ಓದಲು ಕಲಿಸಿದ್ದು ಯಾರು? "ಪಾಯಿಂಟ್ ಮೂವತ್ತೈದು" ಅಂತ ರೆಕಾರ್ಡಿಂಗಿನಲ್ಲಿ ನಾನೇ ಆರೇಳು ಸಲ ಅಂದಿದ್ದೇನೆ. 'ಪಾಯಿಂಟ್ ಮೂರು ಐದು' ಅಂತ ಒಮ್ಮೆಯೂ ಅಂದಿಲ್ಲ. ಅಷ್ಟೇ ಅಲ್ಲ, ಪಠ್ಯಪುಸ್ತಕಗಳ ವಿಭಾಗಗಳನ್ನು ನೋಡಿ: 3.9 ಆದ ಮೇಲೆ 3.10 ಬರುತ್ತದೆ. ಫೋನಿನ ಆ್ಯಪ್‌ಗಳ ಆವೃತ್ತಿಯ ಸಂಖ್ಯೆಯೂ ಹಾಗೇ. ದಶಮಾಂಶ ಹೇಳಿಕೊಡುವ ಪುಸ್ತಕವೇ ತನ್ನ ಪುಟಗಳಲ್ಲಿ ಅವಳ ನಿಯಮವನ್ನು ಪಾಲಿಸುತ್ತಿದೆ!

ಅವಳ ಜೊತೆ ಮಾತಾಡಿದ ಮೇಲೆ ಸುಮ್ನೆ ಕುತೂಹಲಕ್ಕೆ "ವೆರಿ ಗುಡ್" ಹುಡುಗನನ್ನೂ ಕೇಳಿದೆ. 0.4 ದೊಡ್ಡದು ಅಂತ ಹೇಗೆ ಗೊತ್ತಾಯ್ತು? ಅವನು ಒಂದಿಷ್ಟೂ ತಡವರಿಸಲಿಲ್ಲ. "ಬಿಂದು ಆದ ಮೇಲೆ ಅಂಕಿ ಕಮ್ಮಿ ಇದ್ರೆ ಅದೇ ದೊಡ್ಡದು ಮಿಸ್. ಹತ್ತು ಭಾಗ ಮಾಡಿದ್ರೆ ತುಂಡು ದೊಡ್ಡದು, ನೂರು ಭಾಗ ಮಾಡಿದ್ರೆ ಚಿಕ್ಕದು. ನೀವೇ ಹೇಳಿದ್ರಲ್ಲ."

ಹೌದು, ಹೇಳಿದ್ದೆ. ಹಿಂದಿನ ವಾರ. ತುಂಡಿನ ಗಾತ್ರ ಅವನಿಗೆ ಚೆನ್ನಾಗಿ ಹತ್ತಿದೆ. ಎಷ್ಟು ತುಂಡು ಅನ್ನುವುದನ್ನು ಬಿಟ್ಟಿದ್ದಾನೆ. ಅವನ ಲೆಕ್ಕದಲ್ಲಿ 0.2 ಕೂಡ 0.95ಕ್ಕಿಂತ ದೊಡ್ಡದು. ಕೇಳಿದೆ. "ಹೌದು ಮಿಸ್" ಅಂದ, ಅದೇ ಧೈರ್ಯದಲ್ಲಿ.

ಈ ಪ್ರಕರಣದಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಅಲ್ಲಾಡಿಸಿದ್ದು ಇದು. ತಪ್ಪು ಉತ್ತರವನ್ನು ಕಡೆಗಣಿಸಿದ್ದು ಒಂದು. ತಪ್ಪು ತಿಳಿವಳಿಕೆಗೆ ಇಡೀ ಕ್ಲಾಸಿನ ಎದುರು "ವೆರಿ ಗುಡ್" ಅಂದು ಮುದ್ರೆ ಒತ್ತಿದ್ದು ಇನ್ನೊಂದು. ಹುಡುಗಿಗೆ ತನ್ನ ಉತ್ತರ ತಪ್ಪು ಅಂತಾದರೂ ಗೊತ್ತಾಯಿತು. ಹುಡುಗನಿಗೆ ಅದೂ ಇಲ್ಲ.

ಈ ಎರಡು ತಪ್ಪು ನಿಯಮಗಳೂ ಸಂಶೋಧಕರಿಗೆ 1980ರ ದಶಕದಿಂದಲೇ ಗೊತ್ತಿರುವಂಥವು. ಬೇರೆ ಬೇರೆ ದೇಶಗಳ ಮಕ್ಕಳಲ್ಲಿ ಇವೇ ಮತ್ತೆ ಮತ್ತೆ ಕಂಡಿವೆ. ಒಂದು 'ಉದ್ದ ಇದ್ದರೆ ದೊಡ್ಡದು', ಇನ್ನೊಂದು 'ಗಿಡ್ಡ ಇದ್ದರೆ ದೊಡ್ಡದು'. ಇವನ್ನು ಹಿಡಿಯಲು ಎರಡು ಜೋಡಿ ಸಂಖ್ಯೆ ಸಾಕು. ಮೊದಲ ಜೋಡಿ 0.4 ಮತ್ತು 0.35, ಎರಡನೆಯದು 0.62 ಮತ್ತು 0.736. ಮೊದಲನೆಯದು ತಪ್ಪಿ ಎರಡನೆಯದು ಸರಿ ಬಂದರೆ ಮಗು ಉದ್ದ ನೋಡುತ್ತಿದೆ. ಮೊದಲನೆಯದು ಸರಿ ಬಂದು ಎರಡನೆಯದು ತಪ್ಪಿದರೆ ಗಿಡ್ಡ ನೋಡುತ್ತಿದೆ. ನಾನು ಅಂದು ಕೇಳಿದ್ದು ಮೊದಲ ಜೋಡಿಯ ಥರದ ಪ್ರಶ್ನೆಗಳನ್ನೇ. ಹಾಗಾಗಿ ಎರಡನೇ ಗುಂಪಿನವರು ನನ್ನ ಎಲ್ಲ ಪರೀಕ್ಷೆಗಳಲ್ಲೂ ಪೂರ್ತಿ ಅಂಕ ತೆಗೆದುಕೊಂಡು ಆರಾಮಾಗಿ ಇದ್ದರು.

ಚೀಟಿ ಹಂಚಿ ಈ ಎರಡು ಜೋಡಿ ಕೊಟ್ಟೆ. ಜೊತೆಗೆ ಇನ್ನೊಂದು ಪ್ರಶ್ನೆ: 0.3 ಮತ್ತು 0.4ರ ನಡುವೆ ಬೇರೆ ಸಂಖ್ಯೆ ಇದೆಯಾ? ಚೀಟಿಗಳನ್ನು ಮೇಜಿನ ಮೇಲೆ ಗುಂಪು ಮಾಡಿದಾಗ ಎರಡೂ ತಪ್ಪು ನಿಯಮದವರು ಸಿಕ್ಕರು. ಎರಡೂ ಜೋಡಿ ಸರಿ ಮಾಡಿದವರಲ್ಲೂ ಹಲವರು 'ನಡುವೆ ಏನೂ ಇಲ್ಲ' ಅಂತ ಬರೆದಿದ್ದರು. ಅವರಿಗೆ 'ಸೊನ್ನೆ ಸೇರಿಸಿ ಉದ್ದ ಸಮ ಮಾಡು' ಅನ್ನುವ ಉಪಾಯ ಗೊತ್ತಿತ್ತು, ಯಾಕೆ ಅನ್ನುವುದು ಗೊತ್ತಿರಲಿಲ್ಲ. ಒಂದೇ ತರಗತಿ, ಒಂದೇ ಪಾಠ, ನಾಲ್ಕು ಥರದ ತಿಳಿವಳಿಕೆ. ಪ್ರತಿ ಮಗುವೂ ವಿಶಿಷ್ಟ ಅಂತ ನಾನು ಬರೆದಿದ್ದು ಹೂವಿನ ಹಾಗೆ ವಿಶಿಷ್ಟ ಅನ್ನುವ ಅರ್ಥದಲ್ಲಿ. ಮೇಜಿನ ಮೇಲಿದ್ದ ವೈಶಿಷ್ಟ್ಯ ಬೇರೆ. ಅದನ್ನು ಹೆಸರಿಟ್ಟು ಕರೆಯಬಹುದಿತ್ತು, ನಾಳೆಯ ಪಾಠಕ್ಕೆ ಉಪಯೋಗಿಸಬಹುದಿತ್ತು.

ಮುಂದಿನ ಪೀರಿಯಡ್ಡಿಗೆ ಒಂದು ಮೀಟರಿನ ಟೇಪುಗಳನ್ನು ತಂದೆ. ನೂರು ಸೆಂಟಿಮೀಟರು, ಹತ್ತತ್ತಕ್ಕೆ ಒಂದು ದಪ್ಪ ಗೆರೆ. ಇಡೀ ಟೇಪು ಒಂದು ಅಂದುಕೊಳ್ಳಿ, 0.35 ಎಲ್ಲಿದೆ ತೋರಿಸಿ ಅಂದೆ. ಗೋಡೆ ಬದಿಯ ಹುಡುಗಿ 35ರ ಮೇಲೆ ಬೆರಳಿಟ್ಟಳು. 0.4 ಎಲ್ಲಿ? ನಾಲ್ಕನೇ ಸೆಂಟಿಮೀಟರಿನ ಮೇಲೆ ಇಟ್ಟಳು. ಹೇಳಿಬಿಡಲು ನನ್ನ ನಾಲಗೆ ತುರಿಸುತ್ತಿತ್ತು. ಕೈಯನ್ನು ಬೆನ್ನ ಹಿಂದೆ ಕಟ್ಟಿ ಬೆರಳು ಮಡಚುತ್ತಾ ಎಣಿಸಿದೆ. ಪಕ್ಕದವಳು "ಹತ್ತು ಭಾಗದಲ್ಲಿ ನಾಲ್ಕು ಕಣೇ" ಅಂದಳು. ಇವಳು ದಪ್ಪ ಗೆರೆಗಳನ್ನು ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ಬೆರಳು 40ಕ್ಕೆ ಹೋಗಿ ನಿಂತಿತು. ಒಂದು ಕ್ಷಣ 35, ಒಂದು ಕ್ಷಣ 40 ನೋಡಿದಳು. ಆಮೇಲೆ ಮತ್ತೆ ನಾಲ್ಕನೇ ಸೆಂಟಿಮೀಟರಿಗೆ ಬಂದು ಕೇಳಿದಳು: "ಹಾಗಾದ್ರೆ ಇದನ್ನ ಹೇಗೆ ಬರೆಯೋದು ಮಿಸ್?"

0.04 ಬೋಧಿಸಲು ನನ್ನ ಯೋಜನೆಯಲ್ಲಿ ಇನ್ನೂ ಎರಡು ಪೀರಿಯಡ್ ಇತ್ತು. ಅವಳು ತಾನೇ ಅದರ ಬಾಗಿಲಿಗೆ ಬಂದು ನಿಂತಿದ್ದಳು.

ಆಮೇಲೆ ನಾನು ದಾರಿ ತಪ್ಪಿದ್ದು

ಇಂಥ ಒಂದು ದಿನ ಸಿಕ್ಕರೆ ತಲೆ ತಿರುಗುತ್ತದೆ. ಅವತ್ತು ರಾತ್ರಿಯೇ ಎರಡನೇ ಕರಡು ಬರೆದೆ. 'ಶಿಕ್ಷಕಿ ಹೇಳಿಕೊಡಬಾರದು, ಮಗು ತಾನೇ ಕಂಡುಕೊಳ್ಳಬೇಕು' ಅನ್ನುವುದು ಅದರ ತಿರುಳು. ಬ್ರೆಜಿಲಿನ ಶಿಕ್ಷಣ ಚಿಂತಕ ಪೌಲೊ ಫ್ರೇರಿ ಅವರ ಹೋಲಿಕೆ ನೆನಪಿಗೆ ಬಂತು: ಮಕ್ಕಳ ತಲೆಯನ್ನು ಬ್ಯಾಂಕ್ ಖಾತೆ ಅಂದುಕೊಂಡು ಶಿಕ್ಷಕರು ಜ್ಞಾನ ಜಮಾ ಮಾಡುತ್ತಾರೆ ಅನ್ನುವುದು. ನಾನು ಒಂಬತ್ತು ವರ್ಷ ಜಮಾ ಮಾಡಿದ್ದೇನೆ, ಇನ್ನು ಸಾಕು ಅನ್ನಿಸಿತು.

ಮುಂದಿನ ಪಾಠ ದಶಮಾಂಶಗಳ ಗುಣಾಕಾರ. 0.3 × 0.2 ಎಷ್ಟು, ಗುಂಪಿನಲ್ಲಿ ಚರ್ಚಿಸಿ ನೀವೇ ಕಂಡುಹಿಡಿಯಿರಿ ಅಂದೆ. ಎರಡು ಪೀರಿಯಡ್ ಪೂರ್ತಿ ಹೋಯಿತು. ಎಲ್ಲ ಗುಂಪುಗಳೂ 0.6 ಅಂತ ಒಮ್ಮತಕ್ಕೆ ಬಂದವು. ಒಂದು ಗುಂಪು ಅದಕ್ಕೆ ಚಂದದ ಚಿತ್ರವನ್ನೂ ಬರೆದಿತ್ತು. ಗುಣಿಸಿದರೆ ಸಂಖ್ಯೆ ಚಿಕ್ಕದಾಗಬಹುದು ಅನ್ನುವ ವಿಷಯವೇ ಅವರ ಅನುಭವದಲ್ಲಿ ಇರಲಿಲ್ಲ. ಇಲ್ಲದ ಜಾಗದಿಂದ ಅವರು ಏನನ್ನು ಕಂಡುಹಿಡಿಯಬೇಕು? ನಾನು ಬೆನ್ನ ಹಿಂದೆ ಬೆರಳು ಎಣಿಸುತ್ತಾ ನಿಂತಿದ್ದೆ. ಒಬ್ಬ ಹುಡುಗ ಪಕ್ಕದವನಿಗೆ ಪಿಸುಗುಟ್ಟಿದ್ದು ಕೇಳಿಸಿತು: "ಮಿಸ್‌ಗೆ ಕೋಪ ಬಂದಿದೆ ಕಣೋ, ಮಾತಾಡ್ತಿಲ್ಲ."

ಪಕ್ಕದ ತರಗತಿಯ ವಿಜ್ಞಾನದ ಮೇಷ್ಟ್ರು ಹಿರಿಯರು. ಜಾಸ್ತಿ ಮಾತಾಡುವವರಲ್ಲ. ಶಿಕ್ಷಕರ ಕೋಣೆಯಲ್ಲಿ ನನ್ನ ಗೋಳು ಕೇಳಿ ಅಂದರು: "ಅಲ್ಲಮ್ಮ, ಮೊದಲು ನೀನು ಮಕ್ಕಳ ಮಾತು ಕೇಳದೆ ಮುಂದೆ ಹೋಗ್ತಿದ್ದೆ. ಈಗ ಕೇಳಿಸಿಕೊಂಡು ಅಲ್ಲೇ ಬಿಟ್ಟು ಬರ್ತಿದ್ದೀಯ. ಅವರಿಗೆ ವ್ಯತ್ಯಾಸ ಏನು?"

ಅವರ ಮಾತು ಚುಚ್ಚಿತು, ಹಾಗಾಗಿ ಕೆಲಸ ಮಾಡಿತು. ಆಮೇಲೆ ಓದಿದಾಗ ಅದಕ್ಕೆ ಆಧಾರವೂ ಸಿಕ್ಕಿತು. ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ಬೀಜಗಣಿತದ ಮೇಲೆ ಪ್ರಯೋಗ ಮಾಡಿ ತೋರಿಸಿದ್ದಾರೆ. ಹೊಸದಾಗಿ ಕಲಿಯುವವರಿಗೆ ಲೆಕ್ಕಗಳನ್ನು ಬಿಡಿಸಲು ಸುಮ್ನೆ ಕೊಡುವುದಕ್ಕಿಂತ, ಬಿಡಿಸಿದ ಮಾದರಿಗಳನ್ನು ಹಂತ ಹಂತವಾಗಿ ತೋರಿಸಿದರೆ ಕಡಿಮೆ ಹೊತ್ತಿನಲ್ಲಿ ಹೆಚ್ಚು ದಕ್ಕುತ್ತದೆ. ಆದರೆ ಇದಕ್ಕೆ ಒಂದು ಬಾಲ ಇದೆ. ಕೈ ಕುದುರಿದವರಿಗೆ ಅದೇ ಮಾದರಿಗಳು ತೊಡಕಾಗುತ್ತವೆ ಅಂತ ಸ್ವೆಲ್ಲರ್ ಮತ್ತು ಅವರ ಜೊತೆಗಾರರೇ ಮುಂದೆ ತೋರಿಸಿದರು. ಅಂದರೆ ಹೇಳಿಕೊಡಬೇಕೋ ಬಿಡಬೇಕೋ ಅನ್ನುವ ಜಗಳವೇ ಅರ್ಧಂಬರ್ಧ. ಯಾವ ಮಗುವಿಗೆ, ಯಾವ ಹಂತದಲ್ಲಿ ಅಂತ ಕೇಳದೆ ಅದಕ್ಕೆ ಉತ್ತರ ಇಲ್ಲ. ಟೇಪಿನ ದಿನ ಆ ಹುಡುಗಿ ತಾನೇ ಕಂಡುಕೊಂಡಳು ಅಂತ ನಾನು ಬೀಗಿದ್ದೆ. ನಿಜ ಏನೆಂದರೆ ಟೇಪನ್ನು ಆರಿಸಿದ್ದು ನಾನು, ದಪ್ಪ ಗೆರೆ ಇದ್ದ ಟೇಪೇ ಬೇಕು ಅಂತ ಹುಡುಕಿದ್ದು ನಾನು, ಪಕ್ಕದಲ್ಲಿ ಅರಿತ ಗೆಳತಿಯೂ ಇದ್ದಳು. ಗುಣಾಕಾರಕ್ಕೆ ನಾನು ಕೊಟ್ಟಿದ್ದು ಬರೀ ಪ್ರಶ್ನೆ.

ಗುಣಾಕಾರವನ್ನು ಮತ್ತೆ ಮೊದಲಿಂದ ಮಾಡಿದೆ. ನೂರು ಚೌಕದ ಹಾಳೆಯಲ್ಲಿ 0.3ಕ್ಕೆ ಮೂರು ಸಾಲು ಒಂದು ಬಣ್ಣ, 0.2ಕ್ಕೆ ಎರಡು ಕಂಬ ಇನ್ನೊಂದು ಬಣ್ಣ. ಎರಡೂ ಬಣ್ಣ ಬಿದ್ದ ಚೌಕಗಳು ಆರು, ನೂರರಲ್ಲಿ ಆರು, 0.06. ಎರಡು ಲೆಕ್ಕ ನಾನೇ ಮಾಡಿ ತೋರಿಸಿದೆ, ಮೂರನೆಯದನ್ನು ಅರ್ಧ ಬಿಟ್ಟೆ, ನಾಲ್ಕನೆಯದು ಅವರದು. ಇಪ್ಪತ್ತು ನಿಮಿಷ ಸಾಕಾಯಿತು.

ಇದೇ ಹೊತ್ತಿಗೆ ಮೊದಲ ಕರಡಿನ ಇನ್ನೊಂದು ಸಾಲೂ ಹೋಯಿತು, 'ಕಲಿಕಾ ಶೈಲಿಗೆ ತಕ್ಕಂತೆ' ಅನ್ನುವುದು. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಅಂತ ಮಕ್ಕಳನ್ನು ವಿಂಗಡಿಸಿ ಅದಕ್ಕೆ ತಕ್ಕ ಪಾಠ ಕೊಟ್ಟರೆ ಹೆಚ್ಚು ಕಲಿಯುತ್ತಾರೆ ಅನ್ನುವುದಕ್ಕೆ ಸಾಕಷ್ಟು ಪುರಾವೆ ಇಲ್ಲ ಅಂತ ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಮನಶ್ಶಾಸ್ತ್ರಜ್ಞರು 2008ರಲ್ಲೇ ಪರಿಶೀಲಿಸಿ ಹೇಳಿದ್ದಾರೆ. ನಿಜ ಹೇಳಬೇಕಂದರೆ ನಾನು ಹಾಗೆ ಪಾಠ ಮಾಡಿದ್ದೂ ಇಲ್ಲ. ಬರೆಯಲು ಚೆನ್ನಾಗಿ ಕಾಣುತ್ತದೆ ಅಂತ ಬರೆದಿದ್ದೆ, ಅಷ್ಟೇ.

ಮೂರು ವಾರ ಆದ ಮೇಲೆ

ದಶಮಾಂಶ ಮುಗಿದು ಕೋನಗಳ ಪಾಠ ನಡೆಯುತ್ತಿತ್ತು. ಒಂದು ಬೆಳಿಗ್ಗೆ ಹೇಳದೆ ಕೇಳದೆ ಮತ್ತೆ ಚೀಟಿ ಹಂಚಿದೆ. 0.7 ಮತ್ತು 0.62, ಯಾವುದು ದೊಡ್ಡದು? ಗೋಡೆ ಬದಿಯ ಹುಡುಗಿ 0.62 ಅಂತ ಬರೆದಿದ್ದಳು.

ಟೇಪಿನ ಮೇಲೆ ಬೆರಳು ಓಡಿಸಿ 0.04ರ ಬಾಗಿಲಿಗೆ ಬಂದ ಅದೇ ಹುಡುಗಿ. ಮೇಜಿನ ಎದುರು ಕೂತು ಆ ಚೀಟಿಯನ್ನು ಬಹಳ ಹೊತ್ತು ನೋಡಿದೆ. ಅವಳ ಹಳೆಯ ನಿಯಮ ಸತ್ತಿರಲಿಲ್ಲ, ಸುಮ್ಮನೆ ಪಕ್ಕಕ್ಕೆ ಸರಿದು ಕೂತಿತ್ತು. ಹೊಸದನ್ನು ಬಳಸದೆ ಬಿಟ್ಟ ಕೂಡಲೇ ಹಳೆಯದು ಜಾಗಕ್ಕೆ ಬಂತು. ಯಾಕೆ ಬರಬಾರದು? ಅದು ವರ್ಷಗಟ್ಟಲೆ ಪೂರ್ಣ ಸಂಖ್ಯೆಗಳಲ್ಲಿ ಅವಳ ಕೈ ಹಿಡಿದ ನಿಯಮ.

ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ಮರೆವಿನ ವೇಗ ಅಳೆದು 1885ರಲ್ಲಿ ಪ್ರಕಟಿಸಿದ ಕಾಲದಿಂದ ಇದು ಗೊತ್ತಿರುವ ಸಂಗತಿ. ಮರೆವಿಗೆ ಮದ್ದು ಏನು ಅನ್ನುವುದಕ್ಕೆ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಅವರ 2006ರ ಪ್ರಯೋಗ ನನಗೆ ಹೆಚ್ಚು ಉಪಯೋಗಕ್ಕೆ ಬಂತು. ಒಂದು ಗುಂಪಿನವರು ಪಾಠವನ್ನು ಮತ್ತೆ ಮತ್ತೆ ಓದಿದರು, ಇನ್ನೊಂದು ಗುಂಪಿನವರು ಓದಿ ಆಮೇಲೆ ನೆನಪಿನಿಂದ ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರು ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ನೆನಪಿಸಿಕೊಂಡು ಬರೆದವರು ಮುಂದೆ. ಪಾಠದ ಕೊನೆಯಲ್ಲಿ ನಾನು ಕೇಳುವ "ಅರ್ಥ ಆಯ್ತಾ?" ಇದೆಯಲ್ಲ, ಅದು ಐದು ನಿಮಿಷದ ಪರೀಕ್ಷೆ. ಅದಕ್ಕೂ ಕಡೆ ಅನ್ನಬೇಕು. ಹೆಸರು ಬರೆಯದೆ ಚೀಟಿ ಕೊಡಿ, ಈ ವಾರ ಯಾವಾಗ ನಿಮಗೆ ಏನೂ ತಿಳಿಯುತ್ತಿರಲಿಲ್ಲ ಅಂತ ಒಮ್ಮೆ ಮಕ್ಕಳನ್ನು ಕೇಳಿದ್ದೆ. ಒಂದು ಚೀಟಿಯಲ್ಲಿ ಹೀಗಿತ್ತು: 'ನೀವು ಅರ್ಥ ಆಯ್ತಾ ಅಂದಾಗ ಎಲ್ಲರೂ ಹೂಂ ಅಂದ್ರು. ಅದಕ್ಕೆ ನಾನೂ ಅಂದೆ.'

ಈಗ ಪ್ರತಿ ಪೀರಿಯಡ್ಡಿನ ಮೊದಲ ಐದು ನಿಮಿಷ ಮೂರು ಪ್ರಶ್ನೆ. ಒಂದು ನಿನ್ನೆಯದು, ಒಂದು ಹಿಂದಿನ ವಾರದ್ದು, ಒಂದು ಮರೆತೇಹೋಗಿರಬಹುದಾದ ಹಳೆಯದು. ಶುರುವಿನಲ್ಲಿ ಅಂಕ ಇರಲಿಲ್ಲ. ಅಂಕ ತೆಗೆದದ್ದಕ್ಕೆ ಪಾಲಕರಲ್ಲಿ ಇಬ್ಬರು ಬಂದು ಜಗಳ ಮಾಡಿದರು. ಅಂಕವೂ ಟಿಪ್ಪಣಿಯೂ ಎರಡೂ ಕೊಟ್ಟರೆ ಮಕ್ಕಳಿಗೆ ಟಿಪ್ಪಣಿಯ ಲಾಭ ಸಿಗುವುದಿಲ್ಲ ಅಂತ ರೂತ್ ಬಟ್ಲರ್ ಅವರ 1988ರ ಪ್ರಯೋಗವನ್ನು ಅವರಿಗೆ ವಿವರಿಸಲು ಹೋದೆ. ಅವರು ಕೇಳುವ ಮನಸ್ಥಿತಿಯಲ್ಲಿ ಇರಲಿಲ್ಲ. ಕೊನೆಗೆ ಟಿಪ್ಪಣಿ ಮೊದಲು, ಅಂಕ ಎರಡು ದಿನ ಬಿಟ್ಟು ಅಂತ ರಾಜಿಯಾಯಿತು. ತತ್ವದಲ್ಲಿ ಇಂಥ ರಾಜಿಗಳೂ ಸೇರಬೇಕು ಅನ್ನುವುದು ನನ್ನ ಅಭಿಪ್ರಾಯ. ಪಾಲಕರು, ಪರೀಕ್ಷೆ, ಗಂಟೆ ಬಾರಿಸುವವರು ಇಲ್ಲದ ತರಗತಿಗೆ ತತ್ವ ಬರೆಯುವುದು ಸುಲಭ.

ಈಗಿರುವ ಪುಟ

ಮೂರನೇ ಕರಡು ಬರೆಯುವಾಗ ಒಂದು ಷರತ್ತು ಹಾಕಿಕೊಂಡೆ. ಯಾವ ಸಾಲು ಬರೆದರೂ, ಅದು ಸುಳ್ಳು ಅಂತ ಒಂದು ರೆಕಾರ್ಡಿಂಗ್ ಕೇಳಿ ಯಾರಾದರೂ ಹೇಳುವಂತಿರಬೇಕು. 'ಪ್ರತಿ ಮಗುವೂ ವಿಶಿಷ್ಟ' ಅನ್ನುವುದನ್ನು ಯಾವ ರೆಕಾರ್ಡಿಂಗೂ ಸುಳ್ಳು ಮಾಡಲಾರದು. ಆ ಸಾಲು ನನ್ನನ್ನು ಏನೂ ಮಾಡಲು ಕೇಳುವುದಿಲ್ಲ, ಹಾಗಾಗಿ ಹೋಯಿತು. ಷರತ್ತು ದಾಟಿ ಉಳಿದದ್ದು ಪುಟದ ಕಾಲು ಭಾಗವೂ ಇಲ್ಲ:

'ಮಗುವಿನ ಉತ್ತರದ ಹಿಂದೆ ಒಂದು ನಿಯಮ ಇರುತ್ತದೆ ಅಂದುಕೊಂಡು ಕೇಳುತ್ತೇನೆ. ಸರಿ ಉತ್ತರಕ್ಕೂ ಯಾಕೆ ಅಂತ ಕೇಳುತ್ತೇನೆ. ಪ್ರಶ್ನೆ ಕೇಳಿದ ಮೇಲೆ ಮೂರು ಸೆಕೆಂಡ್ ಸುಮ್ಮನಿರುತ್ತೇನೆ, ನಾನು ಕೋಪ ಮಾಡಿಕೊಂಡಿಲ್ಲ ಅಂತ ಮಕ್ಕಳಿಗೆ ಮೊದಲೇ ಹೇಳಿರುತ್ತೇನೆ. ಹೊಸದನ್ನು ನಾನೇ ಮಾಡಿ ತೋರಿಸುತ್ತೇನೆ, ಕೈ ಕುದುರಿದವರ ದಾರಿಯಿಂದ ಸರಿಯುತ್ತೇನೆ. ಕಲಿತಿದ್ದಾರೆ ಅನ್ನುವ ಮಾತನ್ನು ಮೂರು ವಾರ ಆಗುವ ಮುಂಚೆ ಆಡುವುದಿಲ್ಲ. ಪರೀಕ್ಷೆಯ ತಿಂಗಳಲ್ಲಿ ಇದರಲ್ಲಿ ಅರ್ಧ ನನ್ನ ಕೈಲಿ ಆಗುವುದಿಲ್ಲ.'

ಕೊನೆಯ ಸಾಲನ್ನು ತೆಗೆ, ಯಾವ ಶಾಲೆಯವರೂ ಇದನ್ನು ಓದಿ ಕೆಲಸ ಕೊಡಲ್ಲ ಅಂದರು ವಿಜ್ಞಾನದ ಮೇಷ್ಟ್ರು. ತೆಗೆದಿಲ್ಲ. ಅದು ಊಹೆಯಿಂದ ಬರೆದದ್ದಲ್ಲ. ವಾರ್ಷಿಕ ಪರೀಕ್ಷೆಗೆ ಹತ್ತು ದಿನ ಇದ್ದಾಗ ಮತ್ತೊಂದು ಪೀರಿಯಡ್ ರೆಕಾರ್ಡ್ ಮಾಡಿದ್ದೆ. ಮೂರು ಸೆಕೆಂಡ್ ಮಾಯವಾಗಿತ್ತು. "ನೆಕ್ಸ್ಟ್" ವಾಪಸ್ ಬಂದಿತ್ತು. ನನ್ನ ಹೈಸ್ಕೂಲಿನ ಮೇಷ್ಟ್ರ ದನಿಯಲ್ಲೇ.

'ಸರಿ ಉತ್ತರಕ್ಕೂ ಯಾಕೆ' ಅನ್ನುವ ಸಾಲಿನದ್ದೂ ಒಂದು ತೊಂದರೆ ಇದೆ. ಎಲ್ಲದಕ್ಕೂ ಕೇಳಿದರೆ ಮಕ್ಕಳು ಅದಕ್ಕೂ ಒಂದು ಸಿದ್ಧ ಉತ್ತರ ಕಲಿಯುತ್ತಾರೆ. ಹೋದ ತಿಂಗಳು ಒಬ್ಬ, ಪ್ರಶ್ನೆ ಪೂರ್ತಿ ಮುಗಿಯುವ ಮುಂಚೆಯೇ "0.8 ಮಿಸ್, ಯಾಕಂದ್ರೆ ಬಿಂದು ಆದ ಮೇಲಿನ ಮೊದಲ ಅಂಕಿ ನೋಡಬೇಕು ಮಿಸ್" ಅಂತ ಒಂದೇ ಉಸಿರಿನಲ್ಲಿ ಹೇಳಿ ಕೂತ. ಟೇಪು ಕೊಟ್ಟು ತೋರಿಸು ಅಂದೆ. ಎಂಟನೇ ಸೆಂಟಿಮೀಟರಿನ ಮೇಲೆ ಬೆರಳಿಟ್ಟ. ಹಾಗಾಗಿ ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ 'ಕೇಳುವುದು ಸಾಕಾ, ತೋರಿಸು ಅನ್ನಬೇಕಾ?' ಅಂತ ಬರೆದಿಟ್ಟಿದ್ದೇನೆ. ಮುಂದಿನ ರೆಕಾರ್ಡಿಂಗು ಭಿನ್ನರಾಶಿಯ ಪಾಠದ್ದು. ಅದನ್ನು ಕೇಳಿದ ಮೇಲೆ ಆ ಸಾಲನ್ನು ಇಟ್ಟುಕೊಳ್ಳಬೇಕೋ ಹೊಡೆದುಹಾಕಬೇಕೋ ನೋಡಬೇಕು.